ಯಾರೂ ‘ನೀವೇ ಇರಿ’ ಅನ್ನಕೂಡದು

ಅಥವಾ ಆವತ್ತು ಪದ್ಮಾವತಿಯವರು ‘ಬೇಡ’ ಎಂದಿರಲಿಕ್ಕಿಲ್ಲ, ‘ಬೇಡಪ್ಪ’ ಎಂದಿರಬಹುದು. ಈ ಎರಡಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ನಮ್ಮ ಕಡೆ ಪಂಕ್ತಿಯಲ್ಲಿ ಊಟಕ್ಕೆ ಕೂತವರಿಗೆಲ್ಲ ಗೊತ್ತು. ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು ‘ಬೇಡಪ್ಪ ಬೇಡ’ ಎಂದರೆ ಇನ್ನೊಂದು ಹೋಳಿಗೆಗೆ ಜಾಗವಿದೆ ಎಂದರ್ಥ. ಬಡಿಸುವವನು ಅದನ್ನು ಬೆರಳ ಸಂದಿಯಲ್ಲೇ ಜಾರಿಸಿ ಮುಂದಕ್ಕೆ ಹೋಗುತ್ತಾನೆ, ಇವನು ‘ಅಯ್ಯಯ್ಯೋ’ ಎಂದು ನೊಂದುಕೊಂಡು ತಿನ್ನುತ್ತಾನೆ. ಬರೀ ‘ಬೇಡ’ ಎಂದರೆ ಸ್ವಲ್ಪ ಅನುಮಾನ. ಎರಡೂ ಕೈ ಅಡ್ಡ ಹಿಡಿದು, ಎಲೆಯನ್ನು ಮಡಚಿ, ಎದ್ದೇ ನಿಂತರೆ ಮಾತ್ರ ನಿಜವಾದ ಬೇಡ. ಇದನ್ನೆಲ್ಲ ನಾನು ಚೆನ್ನಾಗಿ ಬಲ್ಲೆ. ಆದರೂ ನಮ್ಮ ಬಡಾವಣೆಯ ಸಂಘದ ವಾರ್ಷಿಕ ಸಭೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯಿಂದ ಅರ್ಧ ಎದ್ದು ನಿಂತ ಆ ಹೆಂಗಸಿನ ಬಾಯಿಂದ ಬಂದದ್ದು ಯಾವ ಬೇಡ ಎಂಬುದು ನನಗೆ ಆಗಲೂ ತಿಳಿಯಲಿಲ್ಲ. ಈಗ ನೆನಪಿಸಿಕೊಂಡರೆ ಇನ್ನೂ ಕಷ್ಟ. ಬೆಳಿಗ್ಗೆ ಹಲ್ಲುಜ್ಜುವಾಗ ಆ ದನಿ ಖಡಾಖಂಡಿತವಾದ ನಿರಾಕರಣೆಯ ಹಾಗೆ ಕೇಳಿಸುತ್ತದೆ. ಸಂಜೆ ಕೆರೆ ಏರಿಯ ಮೇಲೆ ನಡೆಯುವಾಗ ಬರೀ ಉಪಚಾರದ ಹಾಗೆ. ನೆನಪು ಎನ್ನುವುದು ನನ್ನ ಪರ ವಾದ ಮಾಡಲು ನಾನೇ ಇಟ್ಟುಕೊಂಡ ವಕೀಲ ಎಂದು ಇತ್ತೀಚೆಗೆ ಅನ್ನಿಸತೊಡಗಿದೆ. ಅವನ ಮಾತನ್ನು ನೀವೂ ಪೂರ್ತಿ ನಂಬಬೇಡಿ.

ನಾನು ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದವನು. ‘ಪ್ರಜಾಪ್ರಭುತ್ವದಲ್ಲಿ ವಿರೋಧ ಪಕ್ಷದ ಪಾತ್ರವನ್ನು ವಿವರಿಸಿ’ ಎಂಬ ಪ್ರಶ್ನೆಗೆ ವರ್ಷವರ್ಷವೂ ಒಂದೇ ಉತ್ತರ ಬರೆಸಿದ್ದೇನೆ. ಆಡಳಿತ ಪಕ್ಷ ಬಹುಕಾಲ ಅಧಿಕಾರದಲ್ಲಿದ್ದರೆ ಜಡವಾಗುತ್ತದೆ, ವಿರೋಧ ಪಕ್ಷಗಳು ಒಗ್ಗೂಡಿ ಪರ್ಯಾಯವನ್ನು ಜನರ ಮುಂದಿಡಬೇಕು, ಇತ್ಯಾದಿ. ಮಕ್ಕಳು ಬರೆದುಕೊಂಡರು, ಪಾಸಾದರು, ಬೇರೆ ಬೇರೆ ಕೆಲಸ ಹಿಡಿದು ಹೋದರು. ಆ ಉತ್ತರದಲ್ಲಿ ಒಂದು ಸಾಲಾದರೂ ನಿಜವೇ ಎಂದು ಪರೀಕ್ಷಿಸುವ ಅವಕಾಶ ನನಗೆ ನಿವೃತ್ತನಾದ ಮೇಲೆ ಬಂತು. ಪರೀಕ್ಷಿಸಿದವನು ಫೇಲಾದ.

ನಮ್ಮ ಬಡಾವಣೆ ಯಲಹಂಕದಾಚೆ, ಚಿಕ್ಕಜಾಲದ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿದೆ. ಹಿಂದೆ ಇಲ್ಲಿ ದ್ರಾಕ್ಷಿ ತೋಟವಿತ್ತು. ತೋಟ ಮುನಿಶಾಮಣ್ಣನವರ ಮನೆತನದ್ದು. ತೋಟ ಹೋಗಿ ಸೈಟುಗಳಾದವು, ಸೈಟುಗಳ ಮೇಲೆ ಮನೆಗಳಾದವು, ಮನೆಯವರೆಲ್ಲ ಸೇರಿ ಒಂದು ಸಂಘವಾಯಿತು, ಸಂಘಕ್ಕೆ ಮುನಿಶಾಮಣ್ಣನವರು ಅಧ್ಯಕ್ಷರಾದರು. ಅಲ್ಲಿಂದ ಇಲ್ಲಿಯವರೆಗೆ ಅವರೇ ಅಧ್ಯಕ್ಷರು. ದಪ್ಪ ಮೀಸೆ, ಬಿಳಿ ಅಂಗಿ, ಅಂಗಿಯ ಜೇಬಿನಲ್ಲಿ ಪಂಪ್‌ಹೌಸಿನ ಬೀಗದ ಕೈ. ದಬ್ಬಾಳಿಕೆಯ ಮನುಷ್ಯನೇನಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವರು ಅವರು. ಅವರ ಆಡಳಿತ ನಡೆಯುತ್ತಿದ್ದುದು ಒಂದೇ ಒಂದು ಪದದ ಮೇಲೆ: ‘ನೋಡಾನ.’ ಬೀದಿ ದೀಪ ಕೆಟ್ಟಿದೆ ಅಣ್ಣ ಎಂದರೆ ‘ನೋಡಾನ’. ಚರಂಡಿ ಕಟ್ಟಿಕೊಂಡಿದೆ ಎಂದರೆ ‘ನೋಡಾನ’. ಈ ಪದವನ್ನು ಎದುರಿಸುವುದು ಹೇಗೆ ಎಂದು ನನ್ನ ನೋಟ್ಸ್‌ನಲ್ಲಿ ಎಲ್ಲೂ ಇರಲಿಲ್ಲ. ಇಲ್ಲ ಎಂದವರ ವಿರುದ್ಧ ಧರಣಿ ಕೂರಬಹುದು. ನೋಡಾನ ಎಂದವರ ವಿರುದ್ಧ ಕೂತರೆ ಅವರೂ ಬಂದು ಪಕ್ಕದಲ್ಲೇ ಕೂರುತ್ತಾರೆ.

ನಮಗಿದ್ದ ತೊಂದರೆ ನೀರಿನದು. ಸಂಘದ ಬೋರ್‌ವೆಲ್ಲಿನಿಂದ ನೀರು ಟ್ಯಾಂಕಿಗೆ ಏರಿ, ಅಲ್ಲಿಂದ ಮೊದಲ ಅಡ್ಡರಸ್ತೆಗೆ, ಎರಡನೆಯದಕ್ಕೆ, ಹೀಗೆ ಸಾಲಾಗಿ ಬಂದು, ಕೊನೆಯ ಅಡ್ಡರಸ್ತೆಯ ನಮ್ಮನ್ನು ಮುಟ್ಟುವ ಹೊತ್ತಿಗೆ ನಲ್ಲಿಯಲ್ಲಿ ಗಾಳಿ ಮಾತ್ರ ಉಳಿದಿರುತ್ತಿತ್ತು. ಮೇಲಿನ ರಸ್ತೆಗಳ ವಾಲ್ವನ್ನು ದಿನ ಬಿಟ್ಟು ದಿನ ಮುಚ್ಚಿ ಮೊದಲು ನಮಗೆ ಬಿಟ್ಟರೆ ಸಾಕಿತ್ತು. ಹೊಸ ಪೈಪು ಬೇಡ, ಮೋಟಾರು ಬೇಡ, ಒಂದು ಬೀಗ ತೆಗೆದು ಒಂದು ಚಕ್ರ ತಿರುಗಿಸಬೇಕು. ಹದಿನೈದು ಸಲ ಕೇಳಿದ್ದೇವೋ ಐವತ್ತು ಸಲವೋ, ಉತ್ತರ ನಿಮಗೆ ಗೊತ್ತೇ ಇದೆ.

ನಾನಾದರೆ ಪಿಂಚಣಿದಾರ. ಬಕೆಟ್ಟು ಹಿಡಿದು ಟ್ಯಾಂಕರಿಗೆ ಕಾಯುವುದು ಒಂದು ರೀತಿಯ ಉದ್ಯೋಗವೇ ಆಗಿತ್ತು. ಪಕ್ಕದ ಮನೆಯ ಪದ್ಮಾವತಿಯವರಿಗೆ ಹಾಗಲ್ಲ. ಅವರು ದೋಸೆ ಹಿಟ್ಟು ಮಾಡಿ ಮಾರುತ್ತಿದ್ದರು. ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಆ ಮನೆ ನಡೆಯುತ್ತಿದ್ದುದು ಆ ಹಿಟ್ಟಿನಿಂದಲೇ. ಅಕ್ಕಿ ನೆನೆಹಾಕಲು ನೀರು, ಬೇಳೆ ತೊಳೆಯಲು ನೀರು, ರುಬ್ಬಲು ನೀರು, ರುಬ್ಬಿದ ಗ್ರೈಂಡರು ತೊಳೆಯಲು ಅದಕ್ಕಿಂತ ಹೆಚ್ಚು ನೀರು. ಟ್ಯಾಂಕರಿನ ನೀರಿನಲ್ಲಿ ರುಬ್ಬಿದರೆ ಲಾಭವೆಲ್ಲ ಟ್ಯಾಂಕರಿನವನಿಗೆ. ‘ಸಾರ್, ಈ ಬೇಸಿಗೆ ದಾಟೋಕಾಗಲ್ಲ ನನ್ ಕೈಲಿ. ವಾಲ್ವ್ ತಿರುಗ್ಲಿಲ್ಲ ಅಂದ್ರೆ ಗ್ರೈಂಡರ್ ಮಾರ್ಬಿಟ್ಟು ಬಾಗಲಗುಂಟೆಗೆ ಅಕ್ಕನ ಮನೆ ಹತ್ರ ಹೋಗ್ತೀನಿ’ ಎಂದು ಅವರು ಕಾಂಪೌಂಡಿನ ಆಚೆಯಿಂದ ಹೇಳಿದ್ದು ನನಗೆ ನೆನಪಿದೆ. ಇದು ಮಾತ್ರ ನಿಜ. ಇದನ್ನು ನನ್ನ ಹೆಂಡತಿಯೂ ಕೇಳಿಸಿಕೊಂಡಿದ್ದಾಳೆ.

ಹಾಗಾಗಿ ಆಡಳಿತ ಬದಲಾಯಿಸುವುದೆಂದು ತೀರ್ಮಾನವಾಯಿತು. ಹಿಂದೆಯೂ ಪ್ರಯತ್ನಗಳಾಗಿರಲಿಲ್ಲವೆಂದಲ್ಲ. ಒಂದು ವರ್ಷ ಚುನಾವಣೆ ನಡೆಯಲೇಬೇಕೆಂದು ಹಟ ಹಿಡಿದು, ನಮ್ಮ ಕಡೆಯಿಂದ ಪದ್ಮಾವತಿಯವರೂ ಗಿರೀಶನೂ ಒಬ್ಬರಿಗೊಬ್ಬರು ಹೇಳದೆ ನಿಂತು, ಇದ್ದ ಮತಗಳನ್ನು ಇಬ್ಬರೂ ನ್ಯಾಯವಾಗಿ ಹಂಚಿಕೊಂಡು ಸೋತರು. ಗಿರೀಶನೆಂದರೆ ಎದುರು ಮನೆಯ ಯುವಕ, ಹೆಬ್ಬಾಳದ ಕಡೆ ಯಾವುದೋ ಆಫೀಸು. ಇನ್ನೊಂದು ವರ್ಷ ನನ್ನ ಸಲಹೆಯಂತೆ ಸಭೆಯನ್ನೇ ಬಹಿಷ್ಕರಿಸಿದೆವು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ನಾವು ಬಾರದಿದ್ದುದರಿಂದ ಸಭೆ ಬೇಗ ಮುಗಿಯಿತೆಂದೂ, ಆಯ್ಕೆ ಸರ್ವಾನುಮತದಿಂದ ನಡೆಯಿತೆಂದೂ, ಕೇಸರಿಬಾತು ಮಿಕ್ಕಿತೆಂದೂ ಆಮೇಲೆ ತಿಳಿಯಿತು. ಮುನಿಶಾಮಣ್ಣನವರು ಮಿಕ್ಕಿದ್ದನ್ನು ನಮ್ಮ ಮನೆಗಳಿಗೇ ಕಳಿಸಿದರು. ‘ಮೇಷ್ಟ್ರಿಗೆ ಉಷಾರಿಲ್ವೇನೋ’ ಎಂದು ಕೇಳಿದರಂತೆ. ತಿಂದೆವು. ಬಹಿಷ್ಕಾರದ ಕೇಸರಿಬಾತಿನಲ್ಲಿ ತುಪ್ಪ ಚೆನ್ನಾಗಿತ್ತು.

ಈ ಎರಡರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿದರೆ ಹೇಳಲಾರೆ. ಸೋಲುಗಳು ಒಂದರ ಮೇಲೊಂದು ಕೂತು ಅಂಟಿಕೊಂಡುಬಿಟ್ಟಿವೆ.

ಕಡೆಯ ಸಲದ ಸಿದ್ಧತೆ ಮೈತ್ರಿಯಿಂದ ಶುರುವಾಯಿತು. ಗಿರೀಶನಿಗೂ ಪದ್ಮಾವತಿಯವರಿಗೂ ಮಾತಿರಲಿಲ್ಲ. ಹಳೆಯ ಮತ ವಿಭಜನೆ ಒಂದು ಕಾರಣ, ಅದಕ್ಕಿಂತ ದೊಡ್ಡದು ಅವನು ತನ್ನ ಕಾರನ್ನು ಇವರ ಗೇಟಿನ ಎದುರು ನಿಲ್ಲಿಸುತ್ತಿದ್ದುದು. ಇಬ್ಬರನ್ನೂ ನಮ್ಮ ಮನೆಯ ವೆರಾಂಡದಲ್ಲಿ ಕೂರಿಸಿದೆ. ಅವನು ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡು ತಡವಾಗಿ ಬಂದ. ಅದೂ ಒಂದು ಅವಮಾನವೆಂದು ಅವರು ಮುಖ ತಿರುಗಿಸಿದರು.

‘ಮೇಡಂ, ಕಾರು ತೆಗೀತೀನಿ. ಆದ್ರೆ ಎಲ್ಲಿ ನಿಲ್ಲಿಸ್ಲಿ ನೀವೇ ಹೇಳಿ. ತಲೆ ಮೇಲಾ?’ ಎಂದ ಗಿರೀಶ.

‘ನಿನ್ ತಲೆ ಮೇಲೇ ನಿಲ್ಸಪ್ಪ, ಖಾಲಿ ಇದೆಯಲ್ಲ’ ಎಂದರು ಪದ್ಮಾವತಿ.

ಇದು ಒಡೆಯಿತು ಎಂದುಕೊಂಡೆ. ಆದರೆ ಗಿರೀಶ ನಕ್ಕುಬಿಟ್ಟ. ಅವರೂ ನಕ್ಕರು. ಕಾರು ನಮ್ಮ ಗೇಟಿನ ಎದುರು ನಿಲ್ಲುವುದೆಂದು ಒಪ್ಪಂದವಾಯಿತು. ಸಮಾನ ಕನಿಷ್ಠ ಕಾರ್ಯಕ್ರಮ ಎಂದು ನಾನು ತರಗತಿಯಲ್ಲಿ ಬರೆಸುತ್ತಿದ್ದೆನಲ್ಲ, ಅದರಲ್ಲಿ ಯಾರಾದರೂ ಒಬ್ಬರ ಗೇಟು ಮುಚ್ಚಿಹೋಗುತ್ತದೆ ಎಂದು ಸೇರಿಸಬೇಕಿತ್ತು. ಅಭ್ಯರ್ಥಿ ಯಾರೆಂಬುದಕ್ಕೆ ಚರ್ಚೆಯೇ ನಡೆಯಲಿಲ್ಲ. ನೀರಿಲ್ಲದೆ ಮುಳುಗುತ್ತಿದ್ದವರು ಪದ್ಮಾವತಿ, ಬಾಯಿ ಇದ್ದವರೂ ಅವರೇ. ‘ನೀವೇ ಮೇಡಂ’ ಎಂದೆವು. ಅವರು ಏನೆಂದರು? ತಲೆ ಆಡಿಸಿದರು. ಅದು ಹೂಂ ಎನ್ನುವ ತಲೆ ಎಂದೇ ನಾನು ತಿಳಿದೆ. ನಮ್ಮ ಕಡೆಯವರ ತಲೆ ಯಾವ ದಿಕ್ಕಿಗೆ ಆಡಿದರೆ ಏನರ್ಥ ಎಂಬುದರ ಬಗ್ಗೆ ಹೊರಗಿನವರು ಗೊಂದಲಪಡುತ್ತಾರೆಂದು ಕೇಳಿದ್ದೇನೆ. ಒಳಗಿನವರ ಗತಿಯೂ ಅಷ್ಟೇ.

ಉಪಾಯ ಹೊಳೆದದ್ದು ಅದೇ ಸಂಜೆ, ನನ್ನ ಹೆಂಡತಿ ವಸಂತ ಉದ್ದಿನ ವಡೆ ತಂದಾಗ. ಗಿರೀಶ ಎರಡು ತಿಂದು ‘ಬೇಡ ಆಂಟಿ, ಸಾಕು’ ಎಂದ. ಅವಳು ಇನ್ನೊಂದು ಹಾಕಿದಳು. ಅವನು ‘ಅಯ್ಯೋ ಆಂಟಿ’ ಎಂದು ತಿಂದ. ಥಟ್ಟನೆ ನನಗೆ ಮುನಿಶಾಮಣ್ಣನವರ ಸಾಮ್ರಾಜ್ಯದ ತಳಪಾಯ ಕಾಣಿಸಿತು. ಆ ಒಂದು ಚುನಾವಣೆಯ ವರ್ಷ ಬಿಟ್ಟರೆ ಪ್ರತಿ ವಾರ್ಷಿಕ ಸಭೆಯಲ್ಲೂ ನಡೆಯುವುದು ಇದೇ. ಅವರು ಎದ್ದು ನಿಂತು, ‘ನಂಗೂ ವಯಸ್ಸಾಯ್ತು, ಈ ಸಲ ನನ್ ಬಿಟ್ಬುಡಿ, ಯಾರಾನ ಚಿಕ್ಕೋರು ನೋಡ್ಕಳಿ’ ಎನ್ನುತ್ತಾರೆ. ಕೂಡಲೇ ಯಾರಾದರೂ ‘ಏ ಬಿಡೀ ಅಣ್ಣ, ನೀವೇ ಇರಿ’ ಎನ್ನುತ್ತಾರೆ. ಇನ್ನೊಬ್ಬರು ‘ನೀವಿಲ್ದೆ ಆಗುತ್ತಾ?’ ಎನ್ನುತ್ತಾರೆ. ಅವರು ಇನ್ನೊಮ್ಮೆ ಬೇಡ ಎನ್ನುತ್ತಾರೆ. ಚಪ್ಪಾಳೆ. ಅವಿರೋಧ ಆಯ್ಕೆ. ಇಷ್ಟು ವರ್ಷ ಅವರು ಅಧಿಕಾರ ಕೇಳಿಯೇ ಇಲ್ಲ. ಬೇಡ ಬೇಡ ಎಂದೇ ಆಳಿದ್ದಾರೆ. ನಾವು ಎಲೆಗೆ ಬಡಿಸುತ್ತಲೇ ಬಂದಿದ್ದೇವೆ. ಮತ ಕೇಳುವವರನ್ನು ಸೋಲಿಸಬಹುದು, ಬೇಡ ಎನ್ನುವವರನ್ನು ಸೋಲಿಸಲು ಒಂದೇ ದಾರಿ. ಅವರ ಮಾತನ್ನು ನಂಬುವುದು.

‘ಈ ಸಲ ಅವರು ಬೇಡ ಅಂದಾಗ ಯಾರೂ ನೀವೇ ಇರಿ ಅನ್ನಕೂಡದು. ಅಷ್ಟೇ. ಸುಮ್ಮನೆ ಕೂತಿರಬೇಕು’ ಎಂದೆ.

ಗಿರೀಶ ವಡೆ ಹಿಡಿದ ಕೈಯಲ್ಲೇ ಸಲಾಮು ಹೊಡೆದ. ‘ಸಾರ್, ಏನ್ ತಲೆ ಸಾರ್ ನಿಮ್ದು!’

ವಸಂತ ಮಾತ್ರ ತಟ್ಟೆ ಎತ್ತಿಕೊಂಡು, ‘ಸುಮ್ನಿರೋದೂ ಒಂದು ರಾಜಕೀಯನಾ? ಹಂಗಾದ್ರೆ ನಿಮ್ದು ಬಹಳ ವರ್ಷದ ಅನುಭವ’ ಎಂದು ಒಳಗೆ ಹೋದಳು.

ಸುಮ್ಮನಿರುವುದು ನಾವಂದುಕೊಂಡಷ್ಟು ಸುಲಭವಿರಲಿಲ್ಲ. ನಮ್ಮ ಅಡ್ಡರಸ್ತೆಯ ಮನೆಯವರನ್ನೆಲ್ಲ ವೆರಾಂಡದಲ್ಲಿ ಕೂರಿಸಿ ತಾಲೀಮು ನಡೆಸಿದೆವು. ವಸಂತಳೇ ಮುನಿಶಾಮಣ್ಣ. ಅವಳು ಸೆರಗನ್ನು ಟವೆಲಿನಂತೆ ಹೆಗಲಿಗೆ ಹಾಕಿಕೊಂಡು ‘ನನ್ ಬಿಟ್ಬುಡಿ’ ಎಂದಳು. ಎಲ್ಲರೂ ಬಾಯಿ ಬಿಗಿದರು. ಒಂದು ಕ್ಷಣ. ಎರಡು ಕ್ಷಣ. ಗಿರೀಶ ತಡೆಯಲಾರದೆ ‘ಅಯ್ಯೋ ಇರಿ ಅಣ್ಣ’ ಎಂದುಬಿಟ್ಟ. ಅವನನ್ನು ಬೈದು ಮತ್ತೆ ಮೊದಲಿಂದ. ಈ ಸಲ ಮೂಲೆ ಮನೆಯ ಅಜ್ಜಿಗೆ ಕಣ್ಣಲ್ಲಿ ನೀರು ಬಂತು. ಯಾರಾದರೂ ಬೇಡ ಎಂದಾಗ ಸುಮ್ಮನಿದ್ದುಬಿಡುವುದು ನಮಗೆ ಮೈಯಲ್ಲಿ ತುರಿಕೆ ಎದ್ದ ಹಾಗೆ. ಅದಕ್ಕೆ ನಾನು ಮನೆಪಾಠ ಕೊಟ್ಟೆ. ಮನೆಗೆ ಬಂದವರಿಗೆ ಕಾಫಿ ಕೊಡಲಾ ಎಂದು ಕೇಳಿ, ಬೇಡ ಎಂದರೆ ಕೊಡಬೇಡಿ. ಕೇಳುವುದು, ಉತ್ತರ ನಂಬುವುದು. ಒಂದೆರಡು ವಾರ ನಮ್ಮ ಅಡ್ಡರಸ್ತೆಯಲ್ಲಿ ಯಾರಿಗೂ ಕಾಫಿ ಸಿಗಲಿಲ್ಲ. ನೆಂಟರು ಮುಖ ಸಣ್ಣದು ಮಾಡಿಕೊಂಡು ಹೋದರು. ಆದರೆ ಶಿಸ್ತು ಬಂತು.

ಆ ದಿನಗಳಲ್ಲೇ ಒಮ್ಮೆ ಪದ್ಮಾವತಿಯವರು ನಮ್ಮ ಮನೆಗೆ ಬಂದಿದ್ದರು. ವಸಂತ ಕಾಫಿ ತಂದಳು. ಅವರು ‘ಬೇಡಮ್ಮ, ಈಗ ತಾನೇ ಆಯ್ತು’ ಎಂದರು. ವಸಂತ ‘ಸರಿ’ ಎಂದು ಲೋಟವನ್ನು ಹಾಗೇ ಒಳಗೆ ಒಯ್ದಳು. ಪದ್ಮಾವತಿಯವರ ಕಣ್ಣು ಲೋಟದ ಹಿಂದೆ ಅಡಿಗೆಮನೆಯ ಬಾಗಿಲವರೆಗೂ ಹೋಗಿ ವಾಪಸು ಬಂದದ್ದನ್ನು ನಾನು ನೋಡಿದೆ. ನೋಡಿದೆನೇ? ಇದು ಸಭೆಗೆ ಮುಂಚೆ ನಡೆಯಿತು ಎಂದರೆ ಹೇಳುವುದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಅಷ್ಟು ಚೆನ್ನಾಗಿ ಹೊಂದುವುದರಿಂದಲೇ ನನಗೆ ಅನುಮಾನ. ವಸಂತಳನ್ನು ಕೇಳಿದರೆ ಹಾಗೊಂದು ನಡೆದೇ ಇಲ್ಲ, ತಾನು ಯಾವತ್ತೂ ಲೋಟ ವಾಪಸು ಒಯ್ದವಳಲ್ಲ ಎನ್ನುತ್ತಾಳೆ.

ಸಭೆ ನಡೆಯುವುದು ಪಾರ್ಕಿನ ತಗಡಿನ ಶೆಡ್ಡಿನಲ್ಲಿ. ಪಕ್ಕದಲ್ಲೇ ನೀರಿನ ಟ್ಯಾಂಕು, ಅದರ ಕಾಲ ಬಳಿ ಪಂಪ್‌ಹೌಸು. ಭಾನುವಾರ ಬೆಳಿಗ್ಗೆ. ಹಿಂದೆ ದೊಡ್ಡ ಪಾತ್ರೆಗಳಲ್ಲಿ ಉಪ್ಪಿಟ್ಟು ಕೇಸರಿಬಾತು ಮುಚ್ಚಿಟ್ಟಿದ್ದರು. ಒಗ್ಗರಣೆಯ ವಾಸನೆ ಬರುತ್ತಿತ್ತು. ಪದ್ಮಾವತಿಯವರು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಹಿಟ್ಟಿನ ಕಲೆ ಇಲ್ಲದ ಸೀರೆಯಲ್ಲಿ ನಾನು ಅವರನ್ನು ನೋಡಿದ್ದು ಅದೇ ಮೊದಲಿರಬೇಕು. ಆ ಸೀರೆ ಒಂದು ಸಾಕ್ಷಿಯೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬೇಡ ಎನ್ನಲು ಹೋಗುವವರು ಸೀರೆಗೆ ಇಸ್ತ್ರಿ ಮಾಡುತ್ತಾರೆಯೇ? ಆದರೆ ಸಭೆ ಎಂದರೆ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡೇ ಬರುತ್ತಾರೆ. ನಾನೂ ಹಾಕಿಕೊಂಡಿದ್ದೆ.

ಮುನಿಶಾಮಣ್ಣನವರು ಎದ್ದರು. ‘ನೋಡಿ, ಎಲ್ರೂ ಬಂದಿದ್ದೀರಾ, ಸಂತೋಸ. ಇಂಗೇ ಎಷ್ಟ್ ವರ್ಸ ಅಂತ ನಾನೇ ಕುಂತಿರ್ಲಿ? ಮಂಡಿ ನೋವು. ಈ ಸಲ ನನ್ ಬಿಟ್ಬುಡಿ, ಯಾರಾನ ಚಿಕ್ಕೋರು ನೋಡ್ಕಳಿ.’

ಯಾರೂ ಮಾತಾಡಲಿಲ್ಲ.

ಮೇಲಿನ ಅಡ್ಡರಸ್ತೆಗಳವರೂ ಮಾತಾಡಲಿಲ್ಲ. ಹೆಚ್ಚಿನ ವರ್ಷಗಳಲ್ಲಿ ಮೊದಲು ‘ನೀವೇ ಇರಿ’ ಎನ್ನುತ್ತಿದ್ದವರು ನಮ್ಮವರೇ ಎಂಬುದು ನನಗೆ ಆಗ ಹೊಳೆಯಿತು. ಮೇಲಿನವರು ನಮ್ಮ ಸರದಿ ಮುಗಿಯಲೆಂದು ಕಾಯುತ್ತಿದ್ದರು. ಮುನಿಶಾಮಣ್ಣನವರು ನಿಂತೇ ಇದ್ದರು, ಮೆಟ್ಟಿಲಿದೆಯೆಂದು ಕಾಲು ಕೆಳಗಿಟ್ಟವರ ಹಾಗೆ. ‘ಏನಂತೀರಾ?’ ಎಂದರು.  ಗಿರೀಶ ತನ್ನ ತುಟಿಯನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದ. ಎಲ್ಲೋ ಒಂದು ನಾಯಿ ಮೈ ಕೊಡವಿದ್ದು ಕೇಳಿಸಿತು. ಆಮೇಲೆ ಅವರು ನಿಧಾನವಾಗಿ ‘ಸರಿ ಅಂಗಾರೆ’ ಎಂದು, ಜೇಬಿನಿಂದ ಪಂಪ್‌ಹೌಸಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಕೂತರು.

ಇಷ್ಟೇ. ಬಡಾವಣೆ ಹುಟ್ಟಿದಾಗಿನಿಂದ ಇದ್ದ ಆಡಳಿತ ಬಿತ್ತು. ಬೀಳುವ ಸದ್ದು ಬೀಗದ ಕೈ ಮೇಜಿಗೆ ತಗುಲಿದ ಸದ್ದಿಗಿಂತ ದೊಡ್ಡದಿರಲಿಲ್ಲ.  ನಾನು ಎದ್ದು, ತರಗತಿಯ ದನಿಯಲ್ಲಿ, ‘ಅಧ್ಯಕ್ಷ ಸ್ಥಾನಕ್ಕೆ ಶ್ರೀಮತಿ ಪದ್ಮಾವತಿಯವರ ಹೆಸರನ್ನು ಸೂಚಿಸುತ್ತೇನೆ’ ಎಂದೆ.

ಪದ್ಮಾವತಿಯವರು ಕುರ್ಚಿಯಿಂದ ಅರ್ಧ ಎದ್ದರು. ಸೆರಗು ಸರಿ ಮಾಡಿಕೊಂಡರು. ‘ಅಯ್ಯೋ, ನಾನ್ಯಾಕ್ರೀ? ಇಷ್ಟು ಜನ ದೊಡ್ಡೋರಿದ್ದೀರ. ನಂಗೆ ಬೇಡ...’ ಎಂದರು. ಬೇಡ ಆದ ಮೇಲೆ ಒಂದು ‘ಪ್ಪ’ ಇತ್ತೋ ಇಲ್ಲವೋ. ಅದೇ ಹೊತ್ತಿಗೆ ಶೆಡ್ಡಿನ ಮೇಲೆ ವಿಮಾನವೊಂದು ಹೋಯಿತು. ಇಲ್ಲಿ ವಿಮಾನ ಹೋಗುವುದು ವಿಶೇಷವೇನಲ್ಲ, ನಾವು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸಿ ಅಭ್ಯಾಸವಾದವರು. ಆದರೆ ಅದು ಸರಿಯಾಗಿ ಆಗಲೇ ಹೋಯಿತೇ, ಅಥವಾ ಆಮೇಲೆ ನಾನೇ ಅದನ್ನು ಅಲ್ಲಿಗೆ ತಂದು ಹಾರಿಸಿದೆನೇ? ತಗಡು ಅದುರಿದ್ದು ಮಾತ್ರ ಕಿವಿಯಲ್ಲಿದೆ.

ನಾವು ಯಾರೂ ಮಾತಾಡಲಿಲ್ಲ.

ಬೇಕೆಂದು ಮಾಡಿದ್ದಲ್ಲ. ಅಷ್ಟು ದಿನ ತಾಲೀಮು ಮಾಡಿದ್ದೆವು. ಬೇಡ ಎಂಬ ಸದ್ದು ಕಿವಿಗೆ ಬಿದ್ದೊಡನೆ ನಮ್ಮ ಅಡ್ಡರಸ್ತೆಯ ಬಾಯಿಗಳೆಲ್ಲ ತಾವಾಗಿ ಮುಚ್ಚಿಕೊಂಡವು. ಮೂಲೆ ಮನೆಯ ಅಜ್ಜಿ ಕೂಡ ಈ ಸಲ ಅಳಲಿಲ್ಲ. ಪದ್ಮಾವತಿಯವರು ನನ್ನ ಕಡೆ ನೋಡಿದರು. ನಾನು, ತಾಲೀಮು ಹೇಳಿಕೊಟ್ಟವನು, ಅತ್ಯುತ್ತಮವಾಗಿ ಸುಮ್ಮನಿದ್ದೆ. ಅವರು ಗಿರೀಶನ ಕಡೆ ನೋಡಿದರು. ಅವನು ತುಟಿಯ ಮೇಲಿನ ಬೆರಳು ತೆಗೆದಿರಲಿಲ್ಲ. ಅವರು ಕೂತರು. ಎದ್ದದ್ದಕ್ಕಿಂತ ಕೂತದ್ದು ಬಹಳ ನಿಧಾನವಾಗಿತ್ತು.

ಆಮೇಲೆ ಮೇಲಿನ ರಸ್ತೆಯ ಯಾರೋ ‘ಹಂಗಾದ್ರೆ ಗಿರೀಶ್ ಆಗ್ಲಿ’ ಎಂದರು. ಅವನು ‘ಏ ಇಲ್ಲ ಗುರು, ಆಫೀಸೇ ಸಾಯಿಸ್ತಿದೆ’ ಎಂದ. ಅವನನ್ನೂ ಯಾರೂ ಒತ್ತಾಯಿಸಲಿಲ್ಲ. ‘ಮೇಷ್ಟ್ರಾಗ್ಲಿ, ಓದಿದೋರು’ ಎಂದರು ಇನ್ನೊಬ್ಬರು. ಛೆ ಛೆ, ನಾನು ಬರೀ ಪಾಠ ಹೇಳಿದವನು, ನನಗೆ ಇದೆಲ್ಲ ಬೇಡ ಎಂದೆ. ಇದು ಮರ್ಯಾದೆಗೆ ಹೇಳಿದ ಮಾತು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ‘ಏ ಬಿಡಿ ಮೇಷ್ಟ್ರೇ, ನೀವೇ ಇರಿ’ ಎಂದಿದ್ದರೆ ನಾನು ಇನ್ನೊಮ್ಮೆ ಬೇಡ ಎಂದು ಒಪ್ಪಿಕೊಳ್ಳುತ್ತಿದ್ದೆನೇನೋ. ಶೆಡ್ಡಿನಲ್ಲಿ ಎಂಥ ಶಿಸ್ತು. ಮೇಲಿನ ರಸ್ತೆಗಳವರಿಗೂ ಅದು ಅಂಟಿಕೊಂಡಿತ್ತು. ಆ ಮೌನದಲ್ಲಿ ಕೂತಾಗ, ಮುನಿಶಾಮಣ್ಣನವರು ಸ್ವಲ್ಪ ಹೊತ್ತಿನ ಮೊದಲು ಎಲ್ಲಿ ಕಾಲಿಟ್ಟಿದ್ದರೆಂದು ನನಗೂ ತಿಳಿಯಿತು. ಅಲ್ಲಿ ಮೆಟ್ಟಿಲಿರಲಿಲ್ಲ.

ಮೇಜಿನ ಮೇಲೆ ಬೀಗದ ಕೈ ಒಂದೇ ಇತ್ತು. ಅದನ್ನು ನೋಡುತ್ತ ಎಲ್ಲರೂ ಕೂತಿದ್ದೆವು. ಉಪ್ಪಿಟ್ಟು ಆರುತ್ತಿತ್ತು. ಕೊನೆಗೆ ಮೊದಲ ಅಡ್ಡರಸ್ತೆಯ ಹೆಂಗಸೊಬ್ಬರು, ‘ಅಣ್ಣ, ನೀವೇ ಇರಿ ಅತ್ಲಾಗೆ. ಮೋಟಾರು ಹಾಕೋ ಹೊತ್ತಾಯ್ತು’ ಎಂದರು. ಮುನಿಶಾಮಣ್ಣನವರು ಬೇಡ ಎನ್ನಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ಬೇಡ ಎನ್ನದೆ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಅವಿರೋಧ ಆಯ್ಕೆ ಎಂದು ಘೋಷಿಸಿದ್ದು ಕೂಡ, ದನಿ ಚೆನ್ನಾಗಿದೆಯೆಂದು, ನಾನೇ.

ವಾಲ್ವಿನ ವಿಷಯವನ್ನು ಉಪ್ಪಿಟ್ಟು ತಿನ್ನುವಾಗ ಎತ್ತಿದೆ. ‘ನೋಡಾನ ಮೇಷ್ಟ್ರೇ’ ಎಂದರು.

ಆಮೇಲೊಂದು ದಿನ ಕೆರೆ ಏರಿಯ ಮೇಲೆ ಅವರು ಸಿಕ್ಕಿದರು. ಇಬ್ಬರೂ ಸ್ವಲ್ಪ ದೂರ ಜೊತೆಗೆ ನಡೆದೆವು. ಮಂಡಿ ನೋವು ನಿಜವೇ ಇತ್ತು, ಕಾಲೆಳೆದು ಹೆಜ್ಜೆ ಹಾಕುತ್ತಿದ್ದರು. ‘ಮೇಷ್ಟ್ರೇ, ಒಂದ್ ಮಾತ್ ಏಳ್ಲಾ? ಆವತ್ತು ನೀವೆಲ್ಲ ಸುಮ್ಕೆ ಕುಂತಿದ್ರಲ್ಲ, ನಂಗೆ ಮೊದ್ಲು ಕ್ವಾಪ ಬಂತು. ಆಮ್ಯಾಕೆ ಕೀ ಇಕ್ಕಿ ಕುಂತೆ ನೋಡಿ, ಎಂಗೋ ಮನ್ಸಿಗೆ ಆಯಾಗಿತ್ತು ಕಣ್ರೀ. ಅಂಗೇ ಎದ್ದು ಮನೀಗ್ ಓಗ್ಬುಡಾನ ಅನ್ನುಸ್ತು. ಯಾರ್ಗಾನ ಒಬ್ರಿಗೆ ಕೊಟ್ಟಿದ್ರೆ ಓಗಿರೋನು.’ ಇದನ್ನು ಹೇಳುವಾಗ ಅವರು ಕೆರೆಯ ಕಡೆ ನೋಡುತ್ತಿದ್ದರು. ಇದೂ ಉಪಚಾರದ ಮಾತೋ, ಇಷ್ಟು ವರ್ಷ ಅವರು ನಿಜವಾಗಿಯೇ ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತಿದ್ದರೋ? ನಾವು ಒಬ್ಬ ಮನುಷ್ಯನ ಎಲೆಗೆ ಅವನ ಹೊಟ್ಟೆ ನೋಡದೆ ಬಡಿಸುತ್ತಲೇ ಇದ್ದೆವೋ? ಕೇಳಬಹುದಿತ್ತು. ಕೇಳಿದರೆ ಅವರು ಏನೋ ಹೇಳುತ್ತಿದ್ದರು. ಆಗ ಅದನ್ನು ನಂಬಬೇಕೋ ಬೇಡವೋ ಎಂಬ ಪ್ರಶ್ನೆ ಮತ್ತೆ ಹುಟ್ಟುತ್ತಿತ್ತು. ಹಾಗಾಗಿ, ‘ಹೌದಾ ಅಣ್ಣ’ ಎಂದಷ್ಟೇ ಹೇಳಿ ಜೊತೆಗೆ ನಡೆದೆ.

ಬೇಸಿಗೆ ನಡುವಿನಲ್ಲಿ ಪದ್ಮಾವತಿಯವರು ಮನೆ ಖಾಲಿ ಮಾಡಿದರು. ಹೇಳಿದ್ದಂತೆ ಬಾಗಲಗುಂಟೆಗೆ. ಗ್ರೈಂಡರನ್ನು ಮಾತ್ರ ಮಾರಿರಲಿಲ್ಲ. ಅದನ್ನು ಗೂಡ್ಸ್ ಆಟೋಗೆ ಏರಿಸಿ, ಹಗ್ಗ ಬಿಗಿಯುತ್ತಿದ್ದರು. ಅವರ ಗಂಡ ಹಾಸಿಗೆಯ ಸುರುಳಿ ಹಿಡಿದು ನಿಂತಿದ್ದರು. ಅವರ ಗೇಟಿನ ಎದುರು ಈಗ ಯಾರ ಕಾರೂ ಇರಲಿಲ್ಲ. ನಾನು ಕೇಳಬೇಕೆಂದೇ ಹೋಗಿದ್ದೆ. ಮೇಡಂ, ಆವತ್ತು ನೀವು ಬೇಡ ಅಂದದ್ದು ನಿಜವಾಗಿಯೋ, ಸುಮ್ಮನೆಯೋ? ಸುಮ್ಮನೆ ಎಂದಿದ್ದರೆ ತಪ್ಪು ನಮ್ಮದು. ನಿಜವಾಗಿ ಎಂದಿದ್ದರೆ ನಾನು ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತು. ವಾಕ್ಯವನ್ನು ಮನೆಯಲ್ಲೇ ಕಟ್ಟಿಕೊಂಡು ಬಂದಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಅವರು ಒಂದು ಡಬ್ಬಿ ತಂದರು. ‘ಸಾರ್, ಇವತ್ತು ಬೆಳಿಗ್ಗೆ ರುಬ್ಬಿದ್ದು. ಈ ಮನೇದು ಕೊನೇ ಹಿಟ್ಟು. ವಸಂತಕ್ಕನಿಗೆ ಕೊಡಿ.’

‘ಅಯ್ಯೋ, ಬೇಡಪ್ಪ. ಹೊಸ ಮನೆಗೆ ಹೋಗ್ತಿದ್ದೀರಿ, ನಿಮಗೇ ಬೇಕಾಗುತ್ತೆ’ ಎಂದೆ.

‘ಸರಿ ಸಾರ್’ ಎಂದು ಅವರು ಡಬ್ಬಿಯನ್ನು ಆಟೋದಲ್ಲಿ ಗ್ರೈಂಡರಿನ ಪಕ್ಕ ಇಟ್ಟು, ಅದು ಉರುಳದ ಹಾಗೆ ಬಟ್ಟೆಯ ಗಂಟೊಂದನ್ನು ಒತ್ತಿದರು.

ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಅದು ಸೇಡೋ, ನಮ್ಮ ಅಡ್ಡರಸ್ತೆಯಲ್ಲಿ ಕಲಿತ ಶಿಸ್ತೋ, ಅಥವಾ ನಾನು ಬೇಡ ಎಂದೆನೆಂದು ಅವರು ಸುಮ್ಮನೆ ನಂಬಿದ್ದೋ. ನನಗೆ ಆ ಹಿಟ್ಟು ಬೇಕಾಗಿತ್ತು. ಆಟೋ ಹೊರಟಿತು, ಗ್ರೈಂಡರಿನ ಕಲ್ಲು ಒಳಗೆ ಗಡಗಡ ಎನ್ನುತ್ತ ರಸ್ತೆಯ ತಿರುವಿನವರೆಗೂ ಕೇಳಿಸಿತು. ಕಟ್ಟಿಕೊಂಡು ಹೋಗಿದ್ದ ವಾಕ್ಯ ನನ್ನ ಬಾಯಲ್ಲೇ ಉಳಿಯಿತು. ಆವತ್ತು ಶೆಡ್ಡಿನಲ್ಲಿ ಅವರು ಅಂದದ್ದು ಯಾವ ಬೇಡ ಎಂಬುದು ನನಗೆ ಗೊತ್ತಿಲ್ಲ.